ಅರವತ್ತರ ಗಾಳಿ, ಎಂಬತ್ತರ ಗಾಳಿ

ಬ್ಯಾಡಗಿ ಮೆಣಸಿನಕಾಯಿಗೆ ತೂಕ ಕಡಿಮೆ, ಗಾತ್ರ ಹೆಚ್ಚು. ಸುಕ್ಕುಗಟ್ಟಿದ ಸಿಪ್ಪೆ, ಒಳಗೆ ಬೀಜ ಕಮ್ಮಿ, ಉಳಿದದ್ದೆಲ್ಲ ಟೊಳ್ಳು. ಚೀಲಕ್ಕೆ ತುಳಿದು ತುಳಿದು ತುಂಬಿದರೂ ಲಾರಿ ಭಾರದ ಮಿತಿ ಮುಟ್ಟುವ ಮೊದಲೇ ಎತ್ತರದ ಮಿತಿ ಮುಟ್ಟಿಬಿಡುತ್ತದೆ. ಹೆದ್ದಾರಿಯಲ್ಲಿ ವೇಗ ಏರಿದಂತೆ ಲಾರಿಯ ಡೀಸೆಲ್ ಖರ್ಚು ಹೇಗೆ ಏರುತ್ತದೆ ಎಂಬುದನ್ನು ಡ್ರೈವರ್ ಪಕ್ಕ ಕೂತು ನೋಡಬೇಕು ಎನ್ನುವುದು ನನ್ನ ಬಹುದಿನದ ಆಸೆ. ಅದಕ್ಕೆ ಇದಕ್ಕಿಂತ ಒಳ್ಳೆಯ ಲೋಡು ಸಿಗಲಾರದು. ಅದೂ ಆಷಾಢದಲ್ಲಿ.

ಬ್ಯಾಡಗಿ ಮಾರುಕಟ್ಟೆಯ ಭರಾಟೆ ಇರುವುದು ಜನವರಿಯಿಂದ ಬೇಸಿಗೆಯವರೆಗೆ. ಆಗ ಸೋಮವಾರ, ಗುರುವಾರ ಬಂತೆಂದರೆ ಊರಿಗೆ ಊರೇ ಕೆಂಪು. ಸುಗ್ಗಿ ಮುಗಿದ ಮೇಲೆ ಉಳಿದ ಮಾಲು ಊರ ಸುತ್ತಲಿನ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಕೂತು, ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ಹೊರಡುತ್ತದೆ. ನಮ್ಮ ಲಾರಿ ತುಂಬಿದ್ದು ಅಂಥದೊಂದರ ಬಾಗಿಲಲ್ಲಿ. ಹಮಾಲರು ಚೀಲದ ಮೇಲೆ ಚೀಲ ಒಟ್ಟಿ, ತಾಡಪತ್ರಿ ಹೊದಿಸಿ, ಹಗ್ಗ ಬಿಗಿದಾಗ ಲೋಡು ಕ್ಯಾಬಿನ್ನಿನ ನೆತ್ತಿಗಿಂತ ಬಹಳ ಮೇಲೆ ಹೋಗಿತ್ತು. ಹತ್ತು ಚಕ್ರದ ಗಾಡಿ. 2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿ ಏರಿಸಿದ ಮೇಲೆ ಇಂಥ ಮೂರು ಆಕ್ಸಲ್ ಗಾಡಿ ಒಟ್ಟು 28.5 ಟನ್ ತೂಗಬಹುದು. ನಮ್ಮ ಗಾಡಿ ವೇಬ್ರಿಜ್ ಮೇಲೆ ನಿಂತಾಗ ತೂಗಿದ್ದು ಸುಮಾರು 22 ಟನ್.

ಡ್ರೈವರ್ ಹಾನಗಲ್ ಕಡೆಯವರು, ವಯಸ್ಸು ಐವತ್ತರ ಮೇಲೆ. ಕ್ಲೀನರ್ ಹುಡುಗ ಅವರನ್ನು ಕಾಕಾ ಎನ್ನುತ್ತಿದ್ದ, ನಾನೂ ಹಾಗೆಯೇ ಕರೆದೆ. ಹೊರಡುವ ಮೊದಲು ಅವರು ಕೈಯಲ್ಲೊಂದು ಕಬ್ಬಿಣದ ರಾಡು ಹಿಡಿದು ಹತ್ತೂ ಟೈರುಗಳಿಗೆ ಒಂದೊಂದು ಪೆಟ್ಟು ಹಾಕಿ, ಶಬ್ದ ಕೇಳಿ, ಮುಂದೆ ಹೋಗುತ್ತಿದ್ದರು. ಎಡಬದಿಯ ಹಿಂದಿನ ಜೋಡಿಯಲ್ಲಿ ಒಂದರ ಶಬ್ದ ಅವರಿಗೆ ಹಿಡಿಸಲಿಲ್ಲ. ಮೋಟೆಬೆನ್ನೂರಿಗೆ ಬಂದು ಹೆದ್ದಾರಿ ಹತ್ತುವ ಮೊದಲು ಹವಾ ಹೊಡೆಸಿದರು. “ಹವಾ ಕಡಿಮಿ ಇದ್ರ ಡೀಸೆಲ್ ಹೋಗೂದು ಗೊತ್ತಾಗೂದs ಇಲ್ಲ ಸರ” ಎಂದರು. ಟೈರು ಮೆತ್ತಗಾದಷ್ಟೂ ಉರುಳುವಾಗ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿಯಾಗುತ್ತದೆ. ಆ ಬಿಸಿಗೆ ಬೇಕಾದ ಶಕ್ತಿ ಬರುವುದು ಟ್ಯಾಂಕಿನಿಂದಲೇ.

ಮೋಟೆಬೆನ್ನೂರಿನಿಂದ ಬೆಂಗಳೂರಿನವರೆಗೆ ಒಂದೇ ರಸ್ತೆ, ರಾಷ್ಟ್ರೀಯ ಹೆದ್ದಾರಿ 48. 2010ರಲ್ಲಿ ದೇಶದ ಹೆದ್ದಾರಿಗಳ ಸಂಖ್ಯೆ ಬದಲಾಗುವವರೆಗೆ ಇದು ಎನ್‌ಎಚ್ 4. ಈಗಲೂ ಈ ಸೀಮೆಯಲ್ಲಿ ಎನ್‌ಎಚ್ ಫೋರ್ ಅಂದರೇ ಜನಕ್ಕೆ ತಿಳಿಯುವುದು. ಸುವರ್ಣ ಚತುಷ್ಪಥ ಯೋಜನೆ ಬರುವ ಮೊದಲು ಇದು ಎರಡು ಪಥದ ರಸ್ತೆಯಾಗಿತ್ತು. ಎತ್ತಿನ ಗಾಡಿ, ಸೈಕಲ್ಲು, ಕುರಿ ಹಿಂಡು, ಎದುರಿನಿಂದ ಹೈಬೀಮ್ ಹಾಕಿಕೊಂಡು ಬರುವ ಬಸ್ಸು, ಎಲ್ಲಕ್ಕೂ ಅದೇ ಡಾಂಬರು. ಕಾಕಾ ಸ್ಟೇರಿಂಗ್ ಹಿಡಿದದ್ದು ಆ ಕಾಲದಲ್ಲಿ. ಆಗಿನ ಲಾರಿಗೆ ಲೋಡು ಹಾಕಿದರೆ ನಲವತ್ತು, ನಲವತ್ತೈದು. ಎಲ್ಲೋ ಬಯಲು ಸಿಕ್ಕರೆ ಐವತ್ತು. ಆವರೇಜ್ ತೆಗೆಯುವುದು ಎಂದರೆ ಆಗ ಗೇರು ಸರಿಯಾಗಿ ಹಾಕುವುದು, ಏರು ಬರುವ ಮೊದಲೇ ಓಟ ಹಿಡಿಯುವುದು, ಬ್ರೇಕು ಕಡಿಮೆ ಒತ್ತುವುದು. ಗಾಳಿಯ ಮಾತು ಯಾರೂ ಆಡುತ್ತಿರಲಿಲ್ಲ. ನಲವತ್ತರಲ್ಲಿ ಅದರ ಪಾಲು ಚಿಕ್ಕದು. ರಸ್ತೆ ಅಗಲವಾಯಿತು, ಎಂಜಿನ್‌ಗಳ ಶಕ್ತಿ ಏರಿತು, ಲಾರಿಗಳು ಎಪ್ಪತ್ತು ಎಂಬತ್ತಕ್ಕೆ ಬಂದವು. ಆಗ ಗಾಳಿ ಲೆಕ್ಕದೊಳಗೆ ಬಂತು.

ರಾಣೆಬೆನ್ನೂರು ದಾಟುವಾಗ ವೇಗ 60. ಚಳಗೇರಿ ಟೋಲ್ ಕಳೆದ ಮೇಲೂ 60. ಬಸ್ಸು, ಕಾರು, ನಮ್ಮಂಥವೇ ಲಾರಿಗಳು ಬಲಗಡೆಯಿಂದ ಸಾಲಾಗಿ ಮುಂದೆ ಹೋಗುತ್ತಿದ್ದವು. ಆರ್‌ಪಿಎಂ ಮುಳ್ಳು ಹಸಿರು ಪಟ್ಟಿಯ ನಡುವೆ ಅಲುಗದೆ ನಿಂತಿತ್ತು. 2020ರ ಏಪ್ರಿಲ್ ನಂತರ ಬಂದ ಬಿಎಸ್6 ಗಾಡಿ ಇದು. ಡ್ಯಾಶ್‌ಬೋರ್ಡಿನ ಸಣ್ಣ ಪರದೆಯಲ್ಲಿ ಲೀಟರಿಗೆ ಎಷ್ಟು ಕಿಲೋಮೀಟರ್ ಬರುತ್ತಿದೆ ಎನ್ನುವುದೂ ಕಾಣುತ್ತದೆ. ಅದೇ ಲೆಕ್ಕ ಮಾಲೀಕರ ಮೊಬೈಲಿಗೂ ಹೋಗುತ್ತದಂತೆ: ವೇಗ ಎಷ್ಟು, ಎಲ್ಲಿ ಜೋರಾಗಿ ಬ್ರೇಕ್ ಬಿತ್ತು, ಎಂಜಿನ್ ಚಾಲೂ ಇಟ್ಟು ಎಷ್ಟು ಹೊತ್ತು ನಿಂತಿತ್ತು, ಎಲ್ಲ. ತುಂಗಭದ್ರೆಯ ಸೇತುವೆ ಮೇಲೆ ಬರುವಾಗ ಕೆಳಗೆ ಮಳೆಗಾಲದ ಕೆಂಪು ನೀರು. ಪರದೆಯ ಅಂಕಿ 5ರ ಆಸುಪಾಸಿನಲ್ಲಿ ಮೇಲೆ ಕೆಳಗೆ ಆಡುತ್ತಿತ್ತು.

ದಾವಣಗೆರೆ ಹತ್ತಿರ ಗಾಡಿ ನಿಲ್ಲಿಸಿ ಮಂಡಕ್ಕಿ ಮೆಣಸಿನಕಾಯಿ ತಿಂದೆವು. ಕಾಕಾ ಅರ್ಧ ಗ್ಲಾಸ್ ಚಹಾ ಕುಡಿಯುತ್ತ ತಮ್ಮ ಲೆಕ್ಕ ಹೇಳಿದರು. “ಈ ಲೋಡಿಗೆ ಅರವತ್ತರಾಗ ಹೊಡದ್ರ ನಾಲ್ಕೂವರಿ ಆವರೇಜ್ ಕೈಗೆ ಸಿಗತೈತಿ. ಎಂಬತ್ತಕ್ಕ ಹಾಕಿದ್ರ ಮೂರೂವರಿ. ಇದು ತೂಕದ ಲೋಡಲ್ಲ ಸರ, ಗಾಳಿ ಲೋಡು.”

ಈ ಮಾತಿನ ಹಿಂದಿನ ಭೌತಶಾಸ್ತ್ರವನ್ನು ಕಾಗದದ ಮೇಲೆ ಹಾಕಿ ನೋಡಿದರೆ ಕಾಕಾ ಹೇಳಿದ್ದು ಬಹುತೇಕ ಹಾಗೆ ಹಾಗೆಯೇ ಬರುತ್ತದೆ. ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡುವ ಲಾರಿಯನ್ನು ಹಿಂದಕ್ಕೆ ಎಳೆಯುವವು ಎರಡು. ಒಂದು ಟೈರು ಉರುಳುವುದಕ್ಕೆ ಇರುವ ತಡೆ. ಅದು ಭಾರಕ್ಕೆ ತಕ್ಕಂತೆ ಇರುತ್ತದೆ, ವೇಗ ಏರಿದರೂ ಅಷ್ಟೇನೂ ಬದಲಾಗದು. ನಮ್ಮ 22 ಟನ್ನಿಗೆ ಅದು ಸುಮಾರು 155 ಕಿಲೋ ತೂಕದಷ್ಟು ಬಲ. ಇನ್ನೊಂದು ಗಾಳಿಯ ತಡೆ. ಅದಕ್ಕೆ ಭಾರದ ಹಂಗಿಲ್ಲ. ಗಾಡಿಯ ಎದೆ ಎಷ್ಟು ಅಗಲ, ಎಷ್ಟು ಎತ್ತರ, ಆಕಾರ ಎಂಥದು, ವೇಗ ಎಷ್ಟು, ಇಷ್ಟೇ ಅದಕ್ಕೆ ಬೇಕು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ತಾಡಪತ್ರಿ ಹೊದ್ದ ಎತ್ತರದ ಲೋಡಿನ ಆಕಾರವನ್ನು ಅಂದಾಜು ಮಾಡಿ ಲೆಕ್ಕ ಹಾಕಿದರೆ 60ರಲ್ಲಿ ಅದು ಸುಮಾರು 120 ಕಿಲೋ ಬಲ, 80ರಲ್ಲಿ ಸುಮಾರು 215. ಅಂದರೆ 60ರಲ್ಲಿ ರಸ್ತೆಯದೇ ಮೇಲುಗೈ, 80ರಲ್ಲಿ ಗಾಳಿಯದು. ಎರಡನ್ನೂ ಕೂಡಿಸಿದರೆ 275 ಇದ್ದದ್ದು 370 ಆಗುತ್ತದೆ. ಪ್ರತಿ ಕಿಲೋಮೀಟರಿಗೆ ಮೂರನೇ ಒಂದು ಪಾಲಿನಷ್ಟು ಹೆಚ್ಚು ದುಡಿಮೆ. ಲೀಟರಿಗೆ ನಾಲ್ಕೂವರೆ ಇದ್ದದ್ದು ಮೂರೂವರೆಗೆ ಇಳಿಯುವುದು ಇದರಿಂದಲೇ.

ದಾವಣಗೆರೆ ಬಿಟ್ಟ ಮೇಲೆ ರಸ್ತೆ ಬರಿದಾಗಿತ್ತು. ನಾನು ಕೇಳಿಕೊಂಡದ್ದಕ್ಕೆ ಕಾಕಾ ಒಂದಷ್ಟು ದೂರ 80ಕ್ಕೆ ಏರಿಸಿ ತೋರಿಸಲು ಒಪ್ಪಿದರು. 80ರ ಮೇಲೆ ಹೇಗೂ ಹೋಗದು. 2015ರ ಅಕ್ಟೋಬರ್‌ನಿಂದ ಹೊಸ ಲಾರಿಗಳಿಗೆ ಸ್ಪೀಡ್ ಗವರ್ನರ್ ಕಡ್ಡಾಯವಾಗಿದೆ, ಅದು 80ಕ್ಕೆ ಕಟ್ಟಿಹಾಕುತ್ತದೆ. ನಾಲ್ಕು ಪಥದ ಹೆದ್ದಾರಿಯಲ್ಲಿ ಸರಕು ವಾಹನಕ್ಕೆ 2018ರ ಅಧಿಸೂಚನೆ ಕೊಟ್ಟಿರುವ ಮಿತಿಯೂ 80. ಪೆಡಲ್ ಕೆಳಗೆ ಹೋಯಿತು. ಮೊದಲು ಬದಲಾದದ್ದು ಸದ್ದು. ಎಂಜಿನ್ನಿನ ಗುಡುಗಿಗಿಂತ ಮೇಲೆ, ಕ್ಯಾಬಿನ್ನಿನ ನೆತ್ತಿಯ ಹಿಂದೆ, ತಾಡಪತ್ರಿಯ ಅಂಚು ಪಟಪಟ ಬಡಿಯತೊಡಗಿತು. ಕನ್ನಡಿಯ ಕಂಬಗಳು ಸಿಳ್ಳೆ ಹಾಕಿದವು. ಗಾಳಿಗೆ ಅಡ್ಡ ಹಿಡಿದ ಮೊರದಂತೆ ನಮ್ಮ ಲೋಡು ಮುಂದಿನಿಂದ ಬಂದದ್ದನ್ನೆಲ್ಲ ಎದೆಗೊಡ್ಡಿ ತಳ್ಳುತ್ತಿತ್ತು. ಮುಳ್ಳು ಹಸಿರು ಪಟ್ಟಿಯ ಮೇಲಂಚಿಗೆ ಬಂತು. ಕೆಲವೇ ನಿಮಿಷದಲ್ಲಿ ಪರದೆಯ ಅಂಕಿ 4ರ ಕೆಳಗಿಳಿದು ಅಲ್ಲೇ ನಿಂತಿತು. ಕ್ಲೀನರ್ ಹುಡುಗ ಹಿಂದಿನ ಬರ್ತ್‌ನಿಂದ ಬಗ್ಗಿ ನೋಡಿ, “ಕಾಕಾ, ಮಾಲಕ್ರ ಫೋನ್ ಬರತೈತಿ ನೋಡ ಈಗ” ಎಂದ.

ಚಿತ್ರದುರ್ಗ ಹತ್ತಿರವಾದಂತೆ ಗುಡ್ಡಗಳ ಸಾಲಿನ ಮೇಲೆ ಗಾಳಿಯಂತ್ರಗಳು ಕಾಣತೊಡಗಿದವು. ಹಿರಿಯೂರಿನವರೆಗೂ ಅವು ಜೊತೆ ಬಿಡುವುದಿಲ್ಲ. ಈ ಸೀಮೆಯಲ್ಲಿ ಅವುಗಳನ್ನು ನಿಲ್ಲಿಸಿರುವುದು ಇಲ್ಲಿನ ಆಷಾಢದ ಗಾಳಿಗಾಗಿಯೇ. ಘಟ್ಟ ದಾಟಿ ಬರುವ ಮುಂಗಾರಿನ ಮಾರುತ ಮಳೆಯನ್ನೆಲ್ಲ ಮಲೆನಾಡಿಗೆ ಕೊಟ್ಟು, ಇಲ್ಲಿಗೆ ಬರುವಾಗ ಬರೀ ಗಾಳಿಯಾಗಿ ಉಳಿದಿರುತ್ತದೆ. ಆ ಯಂತ್ರಗಳನ್ನು ನೋಡುತ್ತ ಕೂತಾಗ ಒಂದು ವಿಷಯ ನನ್ನನ್ನು ಬಹಳ ಹಿಡಿದಿಟ್ಟಿತು. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ ಎನ್ನುವ ನಿಯಮದ ಮೇಲೆ ಆ ರೆಕ್ಕೆಗಳು ವಿದ್ಯುತ್ ಮಾಡುತ್ತಿವೆ. ನಮ್ಮ ಲಾರಿ ಅದೇ ನಿಯಮದ ಇನ್ನೊಂದು ತುದಿಯಲ್ಲಿದೆ. ಅಲ್ಲಿ ಗಾಳಿ ಕೊಡುತ್ತದೆ, ಇಲ್ಲಿ ಕಿತ್ತುಕೊಳ್ಳುತ್ತದೆ. ಗಾಳಿಯಂತ್ರ ತನ್ನ ಪೂರ್ತಿ ಸಾಮರ್ಥ್ಯಕ್ಕೆ ಬರಲು ಸೆಕೆಂಡಿಗೆ 12 ಮೀಟರ್ ಆಸುಪಾಸಿನ ಗಾಳಿ ಸಾಕು. ಸೆಕೆಂಡಿಗೆ 25 ಮೀಟರ್ ಮುಟ್ಟಿದರೆ ಯಂತ್ರ ಕೆಡದಿರಲೆಂದು ಹೆಚ್ಚಿನವನ್ನು ನಿಲ್ಲಿಸಿಬಿಡುತ್ತಾರೆ. ಗಂಟೆಗೆ 80 ಕಿಲೋಮೀಟರ್‌ನಲ್ಲಿ ಓಡುವ ಲಾರಿಯ ಮುಖಕ್ಕೆ ಹೊಡೆಯುವುದು ಸೆಕೆಂಡಿಗೆ 22 ಮೀಟರ್ ಗಾಳಿ. ಎಲೆ ಅಲುಗದ ದಿನವೂ ಅಷ್ಟೇ.

ನಮ್ಮ ಗಾಡಿಯ ಲೆಕ್ಕದಲ್ಲಿ ಹೇಳುವುದಾದರೆ, ಗಾಳಿಯೊಂದನ್ನೇ ಸೀಳಿಕೊಂಡು ಹೋಗಲು 60ರಲ್ಲಿ ಸುಮಾರು 27 ಅಶ್ವಶಕ್ತಿ ಬೇಕು, 80ರಲ್ಲಿ 63. ಟೈರಿನ ಪಾಲೂ ಸೇರಿಸಿದರೆ ಚಕ್ರಕ್ಕೆ ಮುಟ್ಟಬೇಕಾದದ್ದು 60ರಲ್ಲಿ 60 ಅಶ್ವಶಕ್ತಿ, 80ರಲ್ಲಿ 110ರ ಹತ್ತಿರ. ವೇಗ ಹೆಚ್ಚಿದ್ದು ಮೂರನೇ ಒಂದು ಪಾಲು. ಎಂಜಿನ್ ಮೇಲಿನ ಹೊರೆ ಹೆಚ್ಚಿದ್ದು ಮುಕ್ಕಾಲು ಪಾಲಿಗಿಂತ ಜಾಸ್ತಿ.

ಆಷಾಢದ ದಿನ ಇದಕ್ಕೆ ಅಡ್ಡಗಾಳಿ ಬೇರೆ ಸೇರುತ್ತದೆ. ದಾವಣಗೆರೆಯಿಂದ ಬೆಂಗಳೂರಿನ ಕಡೆಗೆ ಈ ರಸ್ತೆ ಆಗ್ನೇಯ ದಿಕ್ಕಿಗೆ ಓಡುತ್ತದೆ. ಮುಂಗಾರಿನ ಗಾಳಿ ನೈಋತ್ಯದಿಂದ, ಅಂದರೆ ಸರಿಯಾಗಿ ಬಲಮಗ್ಗುಲಿಗೆ. ಎತ್ತರದ ಲೋಡಿನ ಗಾಡಿ ಎಡಕ್ಕೆ ಜಗ್ಗುತ್ತದೆ, ಸ್ಟೇರಿಂಗನ್ನು ಸ್ವಲ್ಪ ಬಲಕ್ಕೇ ಹಿಡಿದಿರಬೇಕು. ಗಾಳಿ ಓರೆಯಾಗಿ ಬಂದಾಗ ಕ್ಯಾಬಿನ್ನಿಗೂ ಲೋಡಿಗೂ ನಡುವಿನ ಸಂದಿಗೆ ನುಗ್ಗಿ ತಡೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಚಿತ್ರದುರ್ಗ ದಾಟುವ ಮೊದಲೇ ಕಾಕಾ ನನ್ನನ್ನು ಕೇಳದೆ 60ಕ್ಕೆ ಇಳಿಸಿದ್ದರು. “ಗಾಳಿ ಸೀಮಿ ಬಂತು. ಇಲ್ಲೆ ಹಾರಸಬಾರದು.”

ಹಿರಿಯೂರಿನಲ್ಲಿ ಬಳ್ಳಾರಿ ಕಡೆಯ ರಸ್ತೆ ಬಂದು ಸೇರುತ್ತದೆ. ಅಲ್ಲಿಂದ ಮುಂದೆ ರಸ್ತೆಯ ಚಹರೆಯೇ ಬೇರೆ. ತೋರಣಗಲ್ಲಿನ ಉಕ್ಕು ಹೊತ್ತ ಉದ್ದನೆಯ ಗಾಡಿಗಳು, ಹಿಂದಿನ ಹಾಸಿನ ಮೇಲೆ ಎರಡೋ ಮೂರೋ ಉಕ್ಕಿನ ಸುರುಳಿ ಇಟ್ಟುಕೊಂಡು, ನೋಡಲು ಖಾಲಿ ಗಾಡಿಯಂತೆ ಕಾಣುತ್ತ, ನೆಲ ಅದುರಿಸುತ್ತ ಬರುತ್ತವೆ. ನಲವತ್ತು ಟನ್ನಿನ ಅಂಥ ಗಾಡಿಗೆ ಟೈರಿನ ತಡೆಯೇ 275 ಕಿಲೋ ದಾಟುತ್ತದೆ. ಲೋಡು ತಗ್ಗಿನಲ್ಲಿರುವುದರಿಂದ ಗಾಳಿಯ ಪಾಲು ನಮಗಿಂತ ಕಡಿಮೆ. 60ರಿಂದ 80ಕ್ಕೆ ಹೋದರೆ ಅವರಿಗೆ ಬೀಳುವ ದಂಡ ಐದನೇ ಒಂದು ಪಾಲಿನಷ್ಟು, ನಮಗೆ ಮೂರನೇ ಒಂದು ಪಾಲು. ಎಲ್ಲ ಲಾರಿಗೂ ಒಂದೇ ಮೈಲೇಜ್ ಲೆಕ್ಕ ಹಿಡಿದು ಡ್ರೈವರನ್ನು ಬೈಯುವ ಮಾಲೀಕರು ಇದನ್ನು ಗಮನಿಸಬೇಕು.

ಇನ್ನು ಖಾಲಿ ಗಾಡಿ. ವಾಪಸ್ ಲೋಡು ಸಿಗದೆ ಊರಿಗೆ ಮರಳುವ ಲಾರಿಯನ್ನು ಯಾರೂ ನಿಧಾನಕ್ಕೆ ಓಡಿಸುವುದಿಲ್ಲ. ಎಂಜಿನ್ನಿಗೆ ಭಾರವೇ ಇಲ್ಲವಲ್ಲ, ಹೋಗಲಿ ಎಂದು ಬಿಡುತ್ತಾರೆ. ಆದರೆ ಭಾರವಿಲ್ಲದಾಗಲೇ ಗಾಳಿಯ ಪಾಲು ಎಲ್ಲಕ್ಕಿಂತ ದೊಡ್ಡದಾಗಿರುತ್ತದೆ. ಹತ್ತು ಟನ್ನಿನ ಖಾಲಿ ಗಾಡಿಯನ್ನು 60ರ ಬದಲು 80ರಲ್ಲಿ ಓಡಿಸಿದರೆ ಕಿಲೋಮೀಟರಿಗೆ ಶೇಕಡ 40ರ ಮೇಲೆ ಹೆಚ್ಚು ಶಕ್ತಿ ಬೇಕು. ಪಾಲಿನ ಲೆಕ್ಕದಲ್ಲಿ ಉಳಿತಾಯಕ್ಕೆ ಅತಿ ಹೆಚ್ಚು ಅವಕಾಶ ಇರುವ ಓಟದಲ್ಲೇ ಡೀಸೆಲ್ಲನ್ನು ಸುಮ್ಮನೆ ಸುಡುತ್ತಿದ್ದೇವೆ.

ಹಾಗಾದರೆ ಇಳಿಸಿದಷ್ಟೂ ಲಾಭವೇ? ಅಲ್ಲ. ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ, ಅಂದರೆ ಪಿಸಿಆರ್‌ಎ, ವರ್ಷಾನುಗಟ್ಟಲೆಯಿಂದ 45ರಿಂದ 55ರ ವೇಗ ಒಳ್ಳೆಯದೆಂದು ಹೇಳಿಕೊಂಡು ಬಂದಿದೆ. ಅದಕ್ಕಿಂತ ಕೆಳಗೆ ಬಂದರೆ ಟಾಪ್ ಗೇರಿನಲ್ಲಿ ಎಂಜಿನ್ ಮುಲುಗುತ್ತದೆ, ಗೇರು ಇಳಿಸಬೇಕಾಗುತ್ತದೆ, ಅಷ್ಟೇ ದೂರಕ್ಕೆ ಎಂಜಿನ್ ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. ಜೊತೆಗೆ ನಾಲ್ಕು ಪಥದ ರಸ್ತೆಯಲ್ಲಿ 40ರಲ್ಲಿ ತೆವಳುವ ಲಾರಿ ಹಿಂದಿನಿಂದ ಬರುವವರಿಗೆ ಅಪಾಯ. ಟಾಪ್ ಗೇರು ನೆಮ್ಮದಿಯಾಗಿ ಎಳೆಯುವ ಅತಿ ಕಡಿಮೆ ವೇಗವೇ ಸರಿ ಎಂದು ನನ್ನ ತೀರ್ಮಾನ. ಈ ಹೆದ್ದಾರಿಯಲ್ಲಿ, ಈ ಗಾಡಿಗೆ, ಅದು 55ರಿಂದ 65ರ ನಡುವೆ.

ಹಿರಿಯೂರು ಬಿಟ್ಟು ಶಿರಾ ಕಡೆಗೆ ಬರುವಾಗ ಇನ್ನೊಂದು ಸಂಗತಿ ಕಂಡಿತು. ಹಳ್ಳಿಯ ಅಡ್ಡರಸ್ತೆಗಳಲ್ಲಿ ಟ್ರ್ಯಾಕ್ಟರು, ಬೈಕು, ಎಮ್ಮೆ, ಯಾವುದಾದರೊಂದು ಧುತ್ತೆಂದು ರಸ್ತೆಗೆ ಬರುತ್ತದೆ. ನಮ್ಮನ್ನು ದಾಟಿ 80ರಲ್ಲಿ ಹೋದ ಲಾರಿ ಅಲ್ಲಿ ಬ್ರೇಕ್ ಒತ್ತಿ ಬಹುತೇಕ ನಿಲ್ಲುತ್ತಿತ್ತು. ಕಾಕಾ ದೂರದಿಂದಲೇ ಕಾಲು ಎತ್ತಿ, ಓಟದಲ್ಲೇ ಬಂದು, ಅದರ ಪಕ್ಕದಲ್ಲಿ 50ರಲ್ಲಿ ಹಾದು ಹೋಗುತ್ತಿದ್ದರು. 22 ಟನ್ ಗಾಡಿಯನ್ನು ನಿಂತಲ್ಲಿಂದ 80ಕ್ಕೆ ತರಲು, ಬರೀ ಆ ಓಟ ಕೊಡುವುದಕ್ಕೆ, ಸುಮಾರು 375 ಮಿಲಿಲೀಟರ್ ಡೀಸೆಲ್ ಬೇಕು. 60ಕ್ಕೆ ತರಲು 210. ಬ್ರೇಕ್ ಒತ್ತಿ ನಿಲ್ಲಿಸಿದಾಗಲೆಲ್ಲ ಆ ಓಟವೆಲ್ಲ ಡ್ರಮ್ಮಿನ ಬಿಸಿಯಾಗಿ ಹೋಗುತ್ತದೆ. ನಮ್ಮ ರಸ್ತೆಗಳಲ್ಲಿ ವೇಗದ ಖರ್ಚು ಪುಸ್ತಕದ ಲೆಕ್ಕಕ್ಕಿಂತ ಹೆಚ್ಚು ಬರುವುದಕ್ಕೆ ಇದೇ ಕಾರಣ. ಪುಸ್ತಕದ ಲಾರಿ ಒಂದೇ ವೇಗದಲ್ಲಿ ಓಡುತ್ತದೆ, ಅದರ ಮುಂದೆ ಎಮ್ಮೆ ಬರುವುದಿಲ್ಲ.

ಕೆಲವು ಡ್ರೈವರುಗಳು ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುತ್ತಾರೆ. ಇದು ಉಳಿತಾಯವೇ ಅಲ್ಲ. ಗೇರಿನಲ್ಲಿಟ್ಟು ಪೆಡಲಿನಿಂದ ಕಾಲು ತೆಗೆದರೆ ಇಂದಿನ ಎಂಜಿನ್ ಡೀಸೆಲ್ಲನ್ನು ಪೂರ್ತಿ ನಿಲ್ಲಿಸುತ್ತದೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತಾನಾಗಿ ತಿರುಗಬೇಕಾದ್ದರಿಂದ ಡೀಸೆಲ್ ಖರ್ಚಾಗುತ್ತಲೇ ಇರುತ್ತದೆ, ಎಂಜಿನ್ನಿನ ಹಿಡಿತವೂ ತಪ್ಪಿ ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಇದೇ 48ನೇ ಹೆದ್ದಾರಿಯಲ್ಲಿ ಪುಣೆಯ ನವಲೆ ಸೇತುವೆಯ ಇಳಿಜಾರು ಎಷ್ಟೊಂದು ಅಪಘಾತಗಳನ್ನು ಕಂಡಿದೆ. 2022ರ ನವೆಂಬರಿನಲ್ಲಿ ಅಲ್ಲಿ ಒಂದು ಲಾರಿ ಹತ್ತಾರು ವಾಹನಗಳಿಗೆ ಗುದ್ದಿತು. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಬಿಡಬೇಡಿ ಎಂದು ಅಲ್ಲಿನ ಅಧಿಕಾರಿಗಳು ಲಾರಿಯವರಿಗೆ ಮತ್ತೆ ಮತ್ತೆ ಹೇಳಬೇಕಾಗಿ ಬಂದಿದೆ.

ಸರ್ಕಾರಗಳು ವೇಗ ಮತ್ತು ಇಂಧನದ ಸಂಬಂಧವನ್ನು ಅರಿಯದೆ ಕೂತಿಲ್ಲ. 1973ರಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹೇರಿದಾಗ ಅಮೆರಿಕ 1974ರ ಜನವರಿಯಲ್ಲಿ ದೇಶಕ್ಕೆಲ್ಲ ಗಂಟೆಗೆ 55 ಮೈಲಿಯ, ಅಂದರೆ ಸುಮಾರು 88 ಕಿಲೋಮೀಟರ್‌ನ ಮಿತಿ ತಂದಿತು. ಅದು ಪೂರ್ತಿ ರದ್ದಾದದ್ದು 1995ರಲ್ಲಿ. ಯುರೋಪಿನ ಭಾರಿ ಲಾರಿಗಳ ಗವರ್ನರ್ 90ಕ್ಕೆ ನಿಂತಿರುತ್ತದೆ. ನಮ್ಮಲ್ಲಿ 2017ರ ಆಗಸ್ಟ್‌ನಲ್ಲಿ 12 ಟನ್ ಮತ್ತು ಅದಕ್ಕೂ ಮೇಲಿನ ಡೀಸೆಲ್ ವಾಹನಗಳಿಗೆ ಇಂಧನ ಬಳಕೆಯ ಮಾನದಂಡ ಪ್ರಕಟವಾಯಿತು. ಅದರ ಪ್ರಕಾರ ಲಾರಿಗಳನ್ನು ಪರೀಕ್ಷಿಸುವುದು 40 ಮತ್ತು 60 ಕಿಲೋಮೀಟರ್‌ನ ಸ್ಥಿರ ವೇಗದಲ್ಲಿ. ಇದು ನನಗೆ ಸಮಾಧಾನ ತರುವುದಿಲ್ಲ. ಕಾನೂನು 80ರವರೆಗೆ ಓಡಲು ಬಿಟ್ಟಿರುವಾಗ ಪರೀಕ್ಷೆ 60ಕ್ಕೇ ನಿಂತರೆ, ಗಾಳಿ ಅತಿ ಹೆಚ್ಚು ತಿನ್ನುವ ಜಾಗ ಪರೀಕ್ಷೆಯ ಹೊರಗೆ ಉಳಿಯುತ್ತದೆ. ಕ್ಯಾಬಿನ್ನಿನ ಮೂಲೆಗಳನ್ನು ದುಂಡಗೆ ಮಾಡುವುದಕ್ಕೆ, ನೆತ್ತಿಯ ಮೇಲೆ ಗಾಳಿ ತಿರುಗಿಸುವ ಹಾಳೆ ಕೂರಿಸುವುದಕ್ಕೆ ತಯಾರಕರಿಗೆ ಒತ್ತಾಯ ಬರುವುದು 80ರ ಪರೀಕ್ಷೆ ಇದ್ದಾಗ ಮಾತ್ರ.

ಶಿರಾದ ಆಚೆ ಕಾಕಾರ ಫೋನು ಬಡಿಯಿತು. ಮಾಲು ತರಿಸಿಕೊಳ್ಳುತ್ತಿದ್ದ ಯಶವಂತಪುರದ ಅಂಗಡಿಯವರು. ಎಲ್ಲಿದ್ದೀರಿ, ಇನ್ನೂ ಶಿರಾನಾ, ಬೇಗ ಬನ್ನಿ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಫೋನು. ಫೋನಿಟ್ಟ ಮೇಲೆ ಕಾಕಾ ಸುಮ್ಮನೆ ಕೆಲವು ಕಿಲೋಮೀಟರ್ ಓಡಿಸಿದರು. ಆಮೇಲೆ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು: “ನಿಧಾನ ಹೋಗಿ ಡೀಸೆಲ್ ಉಳಿಸಿದ್ರ ಅದು ಮಾಲಕ್ರಿಗೆ. ತಡಾ ಆದ್ರ ಬೈಗುಳ ನನಗ. ಎರಡನೇ ಟ್ರಿಪ್ ತಪ್ಪಿದ್ರ ಬಾಟಾನೂ ನಂದs ಹೋಗೂದು.”

ಇಡೀ ಪ್ರಯಾಣದಲ್ಲಿ ನಾನು ಕೇಳಿದ ಅತಿ ಮುಖ್ಯವಾದ ಮಾತು ಇದು. ಲಾರಿಯ ವೇಗವನ್ನು ಡ್ರೈವರಿನ ಬಲಗಾಲು ನಿರ್ಧರಿಸುತ್ತದೆ ಎಂದು ನಾವು ತಿಳಿದಿದ್ದೇವೆ. ಆ ಕಾಲನ್ನು ಒತ್ತುವವರು ಬೇರೆ ಕಡೆ ಕೂತಿದ್ದಾರೆ. ಡೀಸೆಲ್ ತುಂಬಿಸುವವರು ಒಬ್ಬರು, ಅವಸರ ಮಾಡುವವರು ಇನ್ನೊಬ್ಬರು, ಟ್ರಿಪ್ಪಿನ ಮೇಲೆ ಹೊಟ್ಟೆ ಹೊರೆಯುವವರು ಮತ್ತೊಬ್ಬರು. ಮೂವರ ಲಾಭವೂ ಮೂರು ದಿಕ್ಕಿಗೆ ಇರುವಾಗ ಗವರ್ನರ್ ಹಾಕಿದರೂ ವೇಗ ಅದರ ಮೇಲ್ಮಿತಿಗೇ ಹೋಗಿ ನಿಲ್ಲುತ್ತದೆ.

ಈ ಅವಸರದ ಬೆಲೆಯನ್ನು ರೂಪಾಯಿಯಲ್ಲೂ ನೋಡಬಹುದು. ಬ್ಯಾಡಗಿಯಿಂದ ಬೆಂಗಳೂರು ಸುಮಾರು 330 ಕಿಲೋಮೀಟರ್. ಕಾಕಾ ಹೇಳಿದ ಆವರೇಜ್ ಹಿಡಿದರೆ 60ರಲ್ಲಿ 73 ಲೀಟರ್, 80ರಲ್ಲಿ 94 ಲೀಟರ್. ವ್ಯತ್ಯಾಸ 21 ಲೀಟರ್. ಲೀಟರಿಗೆ 90 ರೂಪಾಯಿಯಂತೆ ಸುಮಾರು 1,900 ರೂಪಾಯಿ, ಒಂದು ಕಡೆಯ ಓಟಕ್ಕೆ. ಒಂದು ಲೀಟರ್ ಡೀಸೆಲ್ ಉರಿದರೆ 2.7 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಹಾಗಾಗಿ 55 ಕಿಲೋಗಿಂತ ಹೆಚ್ಚು ಹೊಗೆ ಬರೀ ಅವಸರದ್ದು. ಬೆಂಗಳೂರು ಬ್ಯಾಡಗಿಗಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ನಮ್ಮ ಗಾಡಿಯನ್ನು ಆ ಎತ್ತರಕ್ಕೆ ಏರಿಸುವುದಕ್ಕೆ ನಾಲ್ಕೂವರೆ ಲೀಟರಿನ ಆಸುಪಾಸು ಖರ್ಚಾಗುತ್ತದೆ, ಅದನ್ನು ಯಾರೂ ತಪ್ಪಿಸಲಾರರು. ಅದರ ನಾಲ್ಕು ಪಟ್ಟಿಗೂ ಮೀರಿದ ಈ 21 ಲೀಟರ್ ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ. ದೇಶ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡ 85ಕ್ಕೂ ಹೆಚ್ಚು ಹೊರಗಿನಿಂದ ಕೊಳ್ಳುತ್ತಿದೆ ಎಂಬುದನ್ನು ನೆನೆದರೆ ಇದು ಒಬ್ಬ ಮಾಲೀಕರ ಜೇಬಿನ ವಿಷಯವಾಗಿ ಉಳಿಯುವುದಿಲ್ಲ.

ಇಷ್ಟು ಖರ್ಚು ಮಾಡಿ ಉಳಿಸುವ ಸಮಯವಾದರೂ ಎಷ್ಟು? ಕಾಗದದ ಮೇಲೆ ಒಂದು ಗಂಟೆ ಇಪ್ಪತ್ತು ನಿಮಿಷ. ಟೋಲು, ಏರು, ಊರುಗಳ ಬಳಿಯ ದಟ್ಟಣೆ ಕಳೆದರೆ ಅದಕ್ಕಿಂತ ಕಡಿಮೆ. ತುಮಕೂರು, ದಾಬಸ್‌ಪೇಟೆ ಕಳೆದು ನೆಲಮಂಗಲ ಮುಟ್ಟಿದಾಗ ಸಂಜೆಯ ದಟ್ಟಣೆ ಶುರುವಾಗಿತ್ತು. ಆ ಹೊತ್ತಿನಲ್ಲಿ ಬೆಂಗಳೂರೊಳಗೆ ಭಾರಿ ಸರಕು ವಾಹನ ಬಿಡುವುದಿಲ್ಲ. ರಸ್ತೆಯ ಪಕ್ಕದಲ್ಲಿ ಕಣ್ಣು ಹಾಯುವಷ್ಟು ದೂರ ಲಾರಿಗಳ ಸಾಲು. ಬೆಳಿಗ್ಗೆಯಿಂದ ನಮ್ಮನ್ನು ದಾಟಿ ಹೋಗಿದ್ದ ಗಾಡಿಗಳಲ್ಲಿ ಕೆಲವು ಅಲ್ಲಿಯೇ ನಿಂತಿದ್ದವು. ಹಗ್ಗಕ್ಕೆ ಹಸಿರು ಬಟ್ಟೆ ಕಟ್ಟಿದ್ದ ಒಂದು ಈರುಳ್ಳಿ ಗಾಡಿಯನ್ನು ಕ್ಲೀನರ್ ಹುಡುಗ ಗುರುತು ಹಿಡಿದ. ದಾವಣಗೆರೆ ಬಳಿ ಹಾರ್ನ್ ಹಾಕಿ ಮುಂದೆ ಹೋದದ್ದು ಅದೇ. ಅದರ ಡ್ರೈವರ್ ಗಾಡಿ ಕೆಳಗೆ ಚಾಪೆ ಹಾಸಿ ಮಲಗಿದ್ದರು. ಒಳಗೆ ಬಿಡುವ ಹೊತ್ತು ಎಲ್ಲರಿಗೂ ಒಂದೇ.

ಲೋಡು ತರಿಸುವ ವರ್ತಕರಲ್ಲಿ ನನ್ನದೊಂದು ಕೇಳಿಕೆ. ಗಾಡಿ ನಗರದೊಳಗೆ ಬರಲು ಬಿಡುವ ಹೊತ್ತು ನಿಮಗೆ ಮೊದಲೇ ಗೊತ್ತಿದೆ. ಅದಕ್ಕೆ ಲೆಕ್ಕ ಹಾಕಿ ಬ್ಯಾಡಗಿಯಲ್ಲೋ ಹುಬ್ಬಳ್ಳಿಯಲ್ಲೋ ಒಂದು ಗಂಟೆ ಮುಂಚೆ ಲೋಡು ಬಿಡಿಸಿ, ದಾರಿಯಲ್ಲಿ ಇರುವವರಿಗೆ ಫೋನ್ ಮಾಡಿ ಅವಸರಪಡಿಸಬೇಡಿ. ಲಾರಿ ಮಾಲೀಕರಲ್ಲಿ ಇನ್ನೊಂದು. ಗಾಡಿಯ ವೇಗ, ಆವರೇಜ್ ಎಲ್ಲ ಈಗ ನಿಮ್ಮ ಮೊಬೈಲಿನಲ್ಲೇ ಕಾಣುತ್ತದೆ. ಯಾವ ಲೋಡಿಗೆ ಎಷ್ಟು ಬರಬೇಕು ಎಂದು ನ್ಯಾಯವಾಗಿ ಗೊತ್ತುಮಾಡಿ, ಅದರ ಮೇಲೆ ಉಳಿದ ಡೀಸೆಲ್ಲಿನ ಅರ್ಧ ಹಣವನ್ನು ಅದೇ ಟ್ರಿಪ್ಪಿನ ಬಾಟಾ ಜೊತೆಗೆ ಡ್ರೈವರಿನ ಕೈಗೆ ಕೊಡಿ. ಈ ಟ್ರಿಪ್ಪಿನ ಲೆಕ್ಕದಲ್ಲಿ ಅದು ಅವರಿಗೆ 950 ರೂಪಾಯಿ, ನಿಮಗೂ 950.